ಊರಿಗೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ: ಔಷಧಿ ಸಿಕ್ತಾ? ನಾನು ಲ್ಯಾಬಿನಲ್ಲಿ ಮಾಡುವ ಕೆಲಸ ಇಷ್ಟು

ಆಳಂದ_ರಸ್ತೆ

ಶರಣಬಸವೇಶ್ವರ ಜಾತ್ರೆಗೆ ಅಂತ ನಾಲ್ಕು ದಿನ ಕಲಬುರಗಿಗೆ ಬಂದಿದ್ದೇನೆ. ತೇರಿನ ದಿನ ಗುಡಿ ಸುತ್ತ ಸಿಕ್ಕವರಲ್ಲಿ ಹತ್ತು ಜನವಾದರೂ ಕೇಳಿದರು, "ಏನವ್ವಾ, ಕ್ಯಾನ್ಸರಿಗೆ ಔಷಧಿ ಸಿಕ್ತಾ?" ಸೋದರತ್ತೆ ಮೊಣಕಾಲು ನೋವು ತೋರಿಸಿದರು. ನಾನು ಆ ಡಾಕ್ಟರ್ ಅಲ್ಲ ಅತ್ತಿ ಎಂದರೆ, "ಮತ್ತೆ ಇಷ್ಟು ವರ್ಷ ಏನು ಓದಿದಿ?" ಎಂದರು. ನ್ಯಾಯವಾದ ಪ್ರಶ್ನೆ. ಇಲ್ಲಿ ಒಂದು ಸಲ ಬರೆದುಬಿಡುತ್ತೇನೆ, ಮುಂದಿನ ಸಲ ಲಿಂಕ್ ಕಳಿಸಿದರಾಯಿತು.

ನಾನು ಹೈದರಾಬಾದಿನ ಒಂದು ಲ್ಯಾಬಿನಲ್ಲಿದ್ದೇನೆ. ಬಾಯಿ ಕ್ಯಾನ್ಸರಿನ ಕೋಶಗಳಲ್ಲಿ ಪಿ53 ಅನ್ನುವ ಪ್ರೋಟೀನಿಗೆ ಏನಾಗಿದೆ ಎಂದು ನೋಡುವುದು ನನ್ನ ಕೆಲಸ. ಇದು ನಮ್ಮೆಲ್ಲರ ಮೈಯಲ್ಲೂ ಇದೆ. 393 ಅಮೈನೋ ಆಮ್ಲಗಳ ಸರ. ಇದರ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದ ಕೂಡಲೇ ಪಿ53 ಏರುತ್ತದೆ. ಏರಿ, ಪಿ21 ಅನ್ನುವ ಇನ್ನೊಂದು ಪ್ರೋಟೀನನ್ನು ಮಾಡಿಸುತ್ತದೆ. ಪಿ21 ಬಂದರೆ ಕೋಶ ಒಡೆದು ಎರಡಾಗುವುದು ನಿಲ್ಲುತ್ತದೆ. ಅಷ್ಟರಲ್ಲಿ ರಿಪೇರಿ ಮುಗಿದರೆ ಸರಿ, ಇಲ್ಲದಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ನೋಡಿಕೊಳ್ಳುತ್ತದೆ. ಒಟ್ಟಿನಲ್ಲಿ ಬ್ರೇಕು. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಈ ಬ್ರೇಕಿನ ಜೀನೇ ಕೆಟ್ಟಿರುತ್ತದೆ.

ಆದರೆ ಪೆಟ್ಟು ಬೀಳದ ದಿನಗಳಲ್ಲಿ ಬ್ರೇಕು ಹಿಡಿದೇ ಇದ್ದರೆ ಮೈ ನಡೆಯುವುದಿಲ್ಲ. ಅದಕ್ಕೆ ಎಂಡಿಎಂ2 ಅಂತ ಒಂದಿದೆ. ಅದು ಪಿ53ಗೆ ಗುರುತು ಹಚ್ಚಿ ಕೋಶದ ಕಸದ ಯಂತ್ರಕ್ಕೆ ಕಳಿಸುತ್ತದೆ. ಆರೋಗ್ಯವಂತ ಕೋಶದಲ್ಲಿ ಈಗ ಇರುವ ಪಿ53ರಲ್ಲಿ ಅರ್ಧದಷ್ಟು ಅರ್ಧ ಗಂಟೆಯೊಳಗೆ ಖಾಲಿ. ಮಜಾ ಏನೆಂದರೆ ಈ ಎಂಡಿಎಂ2 ಮಾಡಿಸುವುದೂ ಪಿ53ಯೇ. ಮನೆ ಮೇಲಿನ ನೀರಿನ ಟ್ಯಾಂಕಿನ ಹಾಗೆ: ನೀರು ಏರಿದರೆ ಚೆಂಡು ಏರುತ್ತದೆ, ಚೆಂಡು ಏರಿದರೆ ನಳ ಬಂದ್.

ದಿನವಿಡೀ ಮಾಡುವುದು ಏನು ಅಂದರೆ, ಕೋಶಗಳನ್ನು 37 ಡಿಗ್ರಿಯಲ್ಲಿ ಬೆಳೆಸುವುದು, ಒಡೆಯುವುದು, ಪ್ರೋಟೀನುಗಳು ತೂಕದ ಪ್ರಕಾರ ಬೇರೆಬೇರೆಯಾಗಲಿ ಅಂತ ಕರೆಂಟ್ ಹರಿಸಿ ಜೆಲ್‌ನಲ್ಲಿ ಓಡಿಸುವುದು, ಒಂದು ಹಾಳೆಗೆ ಇಳಿಸುವುದು, ಆ ಹಾಳೆಯನ್ನು ಹಾಲಿನ ಪುಡಿಯ ನೀರಿನಲ್ಲಿ ನೆನೆಸುವುದು, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಆಂಟಿಬಾಡಿ (ನಮಗೆ ಬೇಕಾದ ಪ್ರೋಟೀನನ್ನೇ ಹುಡುಕಿ ಅಂಟುವ ವಸ್ತು) ಹಾಕಿ ಇಡುವುದು, ಮರುದಿನ ಆ ಪ್ರೋಟೀನ್ ಇರುವ ಕಡೆ ಒಂದು ಗೆರೆ ಕಾಣುತ್ತದಾ ಅಂತ ಕಾಯುವುದು. ಅಷ್ಟೇ. ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಬಿದರಿ_ಗೆರೆ

ಹಾಲಿನ ಪುಡಿಯಾ? ತಮಾಷೆ ಮಾಡ್ತಿಲ್ಲ ತಾನೆ ಅಕ್ಕಾ?

ಆಳಂದ_ರಸ್ತೆ

ನಿಜ ತಮ್ಮಾ. ಕೆನೆ ತೆಗೆದ ಹಾಲಿನ ಪುಡಿ, ನೂರಕ್ಕೆ ಐದರಂತೆ. ಹಾಳೆಯ ಖಾಲಿ ಜಾಗಕ್ಕೆಲ್ಲ ಹಾಲಿನ ಪ್ರೋಟೀನ್ ಮೊದಲೇ ಅಂಟಿಕೊಂಡರೆ ಆಂಟಿಬಾಡಿ ಬೇಕಾದ ಕಡೆ ಮಾತ್ರ ಹೋಗುತ್ತದೆ. ನಿನ್ನ ಹೆಸರು ನೋಡಿ ನೆನಪಾಯಿತು. ಯಂತ್ರದ ಪರದೆ ಮೇಲೆ ಆ ಗೆರೆಗಳು ಮೊದಲು ಕಪ್ಪಿನ ಮೇಲೆ ಬೆಳ್ಳಗೆ ಮೂಡುತ್ತವೆ. ಥೇಟ್ ಬಿದರಿ ಹೂಜಿ ಮೇಲಿನ ಬೆಳ್ಳಿ. ಪೇಪರಿನಲ್ಲಿ ಹಾಕುವಾಗ ತಿರುಗಿಸಿ ಬಿಳಿ ಮೇಲೆ ಕಪ್ಪು ಮಾಡುತ್ತೇವೆ. ನನಗೇನೋ ಮೊದಲಿನದೇ ಚಂದ.

ಸುಮ್ನೆ_ಕೇಳಿದೆ

ಟ್ಯಾಂಕಿನ ಹೋಲಿಕೆ ಚೆನ್ನಾಗಿದೆ. ಆದರೆ ಒಂದು ಡೌಟು. ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುವುದೇ ಯಾವಾಗಲೋ ಒಮ್ಮೆ. ಚೆಂಡು ಏರಿದ್ದನ್ನು ನಾನಂತೂ ನೋಡಿಲ್ಲ.

ಆಳಂದ_ರಸ್ತೆ

ನಿಮ್ಮ ಓಣಿಯಲ್ಲಿ ಜೀನೇ ಕೆಟ್ಟಿದೆ ಸರ್.

ಎಮ್ಮೆಸ್ಸಿ_ಎರಡನೇ_ವರ್ಷ

ಮೇಡಂ, ನಾನು ಇಲ್ಲೇ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಪಿ53 ಬಗ್ಗೆ ನಾಲ್ಕು ಪುಟ ನೋಟ್ಸ್ ಇದೆ, ಬಾಯಿಪಾಠವೂ ಆಗಿದೆ. ಆದರೆ ಲ್ಯಾಬಿನಲ್ಲಿ ಕೆಲಸ ಮಾಡುವಾಗ ಎಲ್ಲಿ ಎಡವುತ್ತೀರಿ ಅನ್ನುವುದು ನೋಟ್ಸಿನಲ್ಲಿ ಇರುವುದಿಲ್ಲ. ಅದನ್ನು ಹೇಳುತ್ತೀರಾ?

ಆಳಂದ_ರಸ್ತೆ

ಎಡವಿದ್ದೇ ಹೇಳುತ್ತೇನೆ, ಅದೇ ಜಾಸ್ತಿ ಇದೆ.

ಮೊದಲ ವರ್ಷ. ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರಿನ ಕೋಶ, ನಮ್ಮ ಬಾಯಿ ಕ್ಯಾನ್ಸರಿನ ಕೋಶ, ಎರಡನ್ನೂ ಪಕ್ಕಪಕ್ಕ ಓಡಿಸಿದೆ. ಎಂಸಿಎಫ್-7ರಲ್ಲಿ ಪಿ53 ಗೆರೆ ತೆಳ್ಳಗೆ, ಕಣ್ಣು ಕಿರಿದು ಮಾಡಿ ನೋಡಬೇಕು. ನಮ್ಮದರಲ್ಲಿ ದಪ್ಪನೆಯ ಪಟ್ಟಿ. ನನಗೆ ಹಿಗ್ಗೋ ಹಿಗ್ಗು. ಬಾಯಿ ಕ್ಯಾನ್ಸರಿನಲ್ಲಿ ಬ್ರೇಕು ಇಷ್ಟು ಗಟ್ಟಿ ಇದೆ, ಏನೋ ಹೊಸದು ಸಿಕ್ಕಿತು ಅಂತ ಪ್ರಿಂಟ್ ತೆಗೆದುಕೊಂಡು ಗೈಡ್ ಕೋಣೆಗೆ ಓಡಿದೆ. ಅವರು ನೋಡಿ ಒಂದೇ ಮಾತು ಕೇಳಿದರು: "ಪಿ21 ನೋಡಿದೆಯಾ?"

ನೋಡಿರಲಿಲ್ಲ. ನೋಡಿದಾಗ ಎಂಸಿಎಫ್-7ರಲ್ಲಿ ಪಿ21 ಇತ್ತು. ನಮ್ಮ ಕೋಶದಲ್ಲಿ ಸೊನ್ನೆ. ಪಿ53 ಗುಡ್ಡದಷ್ಟು ಬಿದ್ದಿದೆ, ಕೆಲಸ ಮಾತ್ರ ಕಡ್ಡಿಯಷ್ಟೂ ಇಲ್ಲ. ಜೀನ್ ಓದಿಸಿದರೆ ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಬದಲಾವಣೆಯಿಂದ ಪಿ53 ಡಿಎನ್‌ಎಯನ್ನು ಹಿಡಿಯಲಾರದು. ಹಿಡಿಯದಿದ್ದರೆ ಪಿ21 ಇಲ್ಲ, ಎಂಡಿಎಂ2 ಕೂಡ ಸರಿಯಾಗಿ ತಯಾರಾಗುವುದಿಲ್ಲ. ಎಂಡಿಎಂ2 ಕಡಿಮೆ ಆದರೆ ಕೆಟ್ಟ ಪಿ53ಯನ್ನು ಹೊರಗೆ ಹಾಕುವವರಿಲ್ಲ, ರಾಶಿ ಬೀಳುತ್ತದೆ. ನಾನು ಬಳಸಿದ ಡಿಒ-1 ಅನ್ನುವ ಆಂಟಿಬಾಡಿ ಒಳ್ಳೆಯದನ್ನೂ ಹಿಡಿಯುತ್ತದೆ, ಕೆಟ್ಟದ್ದನ್ನೂ ಹಿಡಿಯುತ್ತದೆ. ಎಷ್ಟಿದೆ ಅಂತ ಹೇಳುತ್ತದೆ, ಹೇಗಿದೆ ಅಂತ ಹೇಳುವುದಿಲ್ಲ.

ಅದಾದ ಮೇಲೆ ಪಕ್ಕದಲ್ಲಿ ಎಚ್1299 ಇಲ್ಲದೆ ನಾನು ಒಂದು ಜೆಲ್ಲೂ ಓಡಿಸಿಲ್ಲ. ಆ ಕೋಶದಲ್ಲಿ ಪಿ53 ಇಲ್ಲವೇ ಇಲ್ಲ. ಅಲ್ಲಿ ಗೆರೆ ಬಂದರೆ ತಪ್ಪು ನನ್ನದೇ.

ಸುಮ್ನೆ_ಕೇಳಿದೆ

ಮತ್ತೆ ಟ್ಯಾಂಕಿಗೆ ಬರುತ್ತೇನೆ, ಬೇಜಾರಾಗಬೇಡಿ. ನೀರು ಕೆಟ್ಟರೂ ಚೆಂಡು ತೇಲುತ್ತದಲ್ಲ? ಗಟಾರದ ನೀರಿನಲ್ಲೂ ಚೆಂಡು ತೇಲುತ್ತದೆ. ನಿಮ್ಮ ಹೋಲಿಕೆ ಇಲ್ಲಿ ಕೈಕೊಟ್ಟಿತು.

ಆಳಂದ_ರಸ್ತೆ

ಒಪ್ಪಿದೆ. ಟ್ಯಾಂಕ್ ಇಲ್ಲಿಗೆ ಮುಗಿಯಿತು. ಹೀಗೆ ನೋಡಿ: ಒಬ್ಬ ಕಾವಲುಗಾರನನ್ನು ಇಟ್ಟಿದ್ದೀರಿ. ಅವನ ಶಿಫ್ಟ್ ಮುಗಿದ ಕೂಡಲೇ ಅವನನ್ನು ಮನೆಗೆ ಕಳಿಸುವ ಆಟೋವನ್ನು ಅವನೇ ಫೋನ್ ಮಾಡಿ ಕರೆಸಬೇಕು. ಈಗ ಬಂದವನಿಗೆ ಫೋನ್ ಮಾಡಲು ಬರುವುದಿಲ್ಲ, ಕಳ್ಳ ಬಂದರೆ ಕೂಗಲೂ ಬರುವುದಿಲ್ಲ. ಆಟೋ ಬರಲಿಲ್ಲ, ಅವನು ಹೋಗಲಿಲ್ಲ. ಮರುದಿನ ಇನ್ನೊಬ್ಬ ಬಂದ, ಅವನೂ ಹಾಗೇ. ತಿಂಗಳಾದ ಮೇಲೆ ಗೇಟಿನಲ್ಲಿ ಮೂವತ್ತು ಕಾವಲುಗಾರರು. ದೂರದಿಂದ ನೋಡಿದವರಿಗೆ "ಅಬ್ಬಾ, ಎಂಥ ಬಂದೋಬಸ್ತು" ಅನಿಸುತ್ತದೆ. ನನಗೂ ಹಾಗೇ ಅನಿಸಿದ್ದು.

ಎಮ್ಮೆಸ್ಸಿ_ಎರಡನೇ_ವರ್ಷ

ಇದು ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಕೊಡುತ್ತಾರೋ ಇಲ್ಲವೋ, ಆದರೆ ಇನ್ನು ಮರೆಯುವುದಿಲ್ಲ. ನಿಮ್ಮ ಗೈಡ್ ಬೈದರಾ?

ಆಳಂದ_ರಸ್ತೆ

ಬೈಯಲಿಲ್ಲ, ಇತಿಹಾಸ ಓದಿ ಬಾ ಎಂದರು. ಓದಿದ ಮೇಲೆ ನಾಚಿಕೆ ಸ್ವಲ್ಪ ಕಡಿಮೆಯಾಯಿತು. ಪಿ53 ಸಿಕ್ಕಿದ್ದು 1979ರಲ್ಲಿ. ಡೇವಿಡ್ ಲೇನ್, ಆರ್ನಾಲ್ಡ್ ಲೆವಿನ್, ಇನ್ನೂ ಕೆಲವರು, ಬೇರೆ ಬೇರೆ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡರು. ಎಸ್‌ವಿ40 ಅನ್ನುವ ಕೋತಿಗಳ ವೈರಸ್ಸಿನ ಪ್ರೋಟೀನಿಗೆ ಇದು ಅಂಟಿಕೊಂಡು ಸಿಕ್ಕಿತ್ತು. ಕ್ಯಾನ್ಸರ್ ಕೋಶಗಳಲ್ಲಿ ರಾಶಿ ರಾಶಿ ಇತ್ತು. ಹಾಗಾದರೆ ಇದೇ ಕ್ಯಾನ್ಸರ್ ತರುವ ಕಳ್ಳ ಅಂತ ಹತ್ತು ವರ್ಷ ನಂಬಿದರು. ಲ್ಯಾಬುಗಳಲ್ಲಿ ಬಳಸುತ್ತಿದ್ದ ಜೀನಿನ ಪ್ರತಿಗಳೇ ಕೆಟ್ಟವು ಎಂದು ಆಮೇಲೆ ಗೊತ್ತಾಯಿತು. 1989ರಲ್ಲಿ ಬರ್ಟ್ ವೋಗೆಲ್‌ಸ್ಟೀನ್ ಅವರ ಗುಂಪು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ನೋಡಿದಾಗ ಒಂದು ಪ್ರತಿ ಕಳೆದುಹೋಗಿತ್ತು, ಉಳಿದ ಪ್ರತಿ ಕೆಟ್ಟಿತ್ತು. ಕಳ್ಳ ಅಂತ ಹಿಡಿದದ್ದು ಕಾವಲುಗಾರನನ್ನು! ದೊಡ್ಡವರು ಹತ್ತು ವರ್ಷ ಮೋಸ ಹೋಗಿದ್ದರು, ನಾನು ಒಂದು ಮಧ್ಯಾಹ್ನ.

ಇನ್ನೊಂದು ಸಣ್ಣ ವಿಷಯ, ಯಾರಿಗೂ ಉಪಯೋಗವಿಲ್ಲ, ಆದರೂ ನನಗೆ ಇಷ್ಟ. ಜೆಲ್‌ನಲ್ಲಿ 53 ಕಿಲೋಡಾಲ್ಟನ್ (ಪ್ರೋಟೀನ್ ತೂಗುವ ಅಳತೆ) ತೂಕದ ಜಾಗದಲ್ಲಿ ಕಂಡಿತು ಅಂತ ಪಿ53 ಎಂದು ಕರೆದರು. ನಿಜವಾದ ತೂಕ 44ರ ಆಸುಪಾಸು. ಅದರಲ್ಲಿ ಪ್ರೋಲಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ ಇರುವ ಒಂದು ತುಂಡಿದೆ, ಅದರಿಂದ ಜೆಲ್‌ನಲ್ಲಿ ನಿಧಾನ ಓಡುತ್ತದೆ. ಹೆಸರೇ ತಪ್ಪು, ಯಾರೂ ತಿದ್ದಲಿಲ್ಲ.

ಶಹಾಬಾದ್_ಫರಸಿ

ಅಕ್ಕಾವ್ರೇ, ಎರಡು ದಿನದಿಂದ ಇದನ್ನು ಓದುತ್ತಿದ್ದೇನೆ, ಕೇಳಲೋ ಬೇಡವೋ ಅಂತ. ಅಪ್ಪನಿಗೆ ನಾಲಿಗೆಯ ಪಕ್ಕದಲ್ಲಿ ಹುಣ್ಣು. ಊರಿನ ಹತ್ತಿರದ ಒಂದು ದವಾಖಾನೆಯಲ್ಲಿ ನಾಲ್ಕು ತಿಂಗಳು ಮುಲಾಮು, ಬಿ ಕಾಂಪ್ಲೆಕ್ಸ್ ಕೊಟ್ಟರು. ಆಮೇಲೆ ಇನ್ನೊಬ್ಬರು ನೋಡಿ ತುಂಡು ತೆಗೆದು ಟೆಸ್ಟಿಗೆ ಕಳಿಸಿದರು. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದಿದೆ, ಕೆಳಗೆ "ಪಿ53 ಪಾಸಿಟಿವ್" ಎಂದೂ ಇದೆ. ನಾನು ಇದು ಒಳ್ಳೆಯ ಸುದ್ದಿ ಅಂದುಕೊಂಡಿದ್ದೆ. ನೀವು ಬರೆದದ್ದು ಓದಿದ ಮೇಲೆ ಕೈಕಾಲು ತಣ್ಣಗಾಗಿವೆ.

ಆಳಂದ_ರಸ್ತೆ

ಅಣ್ಣಾ, ಮೊದಲು ಒಂದು ಮಾತು. ನಾನು ನೋಡುವುದು ಪ್ಲೇಟಿನಲ್ಲಿ ಬೆಳೆದ ಕೋಶಗಳನ್ನು, ರೋಗಿಗಳನ್ನಲ್ಲ. ಅಪ್ಪನ ವಿಷಯದಲ್ಲಿ ಡಾಕ್ಟರು ಹೇಳಿದ್ದೇ ಲೆಕ್ಕ.

ರಿಪೋರ್ಟಿನ ಆ ಸಾಲಿನ ಅರ್ಥ ಮಾತ್ರ ಹೇಳುತ್ತೇನೆ. ತೆಳುವಾಗಿ ಕೊಯ್ದ ಮಾಂಸದ ಮೇಲೆ ಆಂಟಿಬಾಡಿ ಹಾಕಿ ಬಣ್ಣ ಬರಿಸುತ್ತಾರೆ. ಗಡ್ಡೆಯ ಎಲ್ಲ ಕೋಶಗಳಲ್ಲೂ ಗಾಢವಾಗಿ ಬಣ್ಣ ಬಂದರೆ ಜೀನ್ ಕೆಟ್ಟಿರುವ ಸೂಚನೆ. ಒಂದರಲ್ಲೂ ಬಾರದಿದ್ದರೂ ಕೆಟ್ಟಿರಬಹುದು, ಪ್ರೋಟೀನೇ ತಯಾರಾಗದ ಹಾಗೆ. ಅಲ್ಲಲ್ಲಿ ಹಗುರಾಗಿ ಬಂದಿದ್ದರೆ ಸಾಮಾನ್ಯವಾಗಿ ಜೀನ್ ಸರಿ ಇರುತ್ತದೆ. ಹಾಗಾಗಿ ಬರೀ "ಪಾಸಿಟಿವ್" ಎಂಬ ಪದದಿಂದ ಏನೂ ತಿಳಿಯುವುದಿಲ್ಲ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಮುಖ್ಯವಾದದ್ದು ಇದು: ನಾಲಿಗೆ ಕ್ಯಾನ್ಸರಿಗೆ ಏನು ಚಿಕಿತ್ಸೆ ಅನ್ನುವುದನ್ನು ಆ ಸಾಲು ನೋಡಿ ತೀರ್ಮಾನಿಸುವುದಿಲ್ಲ. ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳ ಇಳಿದಿದೆ, ಕುತ್ತಿಗೆಯ ಗಂಟುಗಳಿಗೆ ಹೋಗಿದೆಯಾ, ಇವನ್ನು ನೋಡುತ್ತಾರೆ. ನೀವು ಆ ಸಾಲಿಗೆ ಹೆದರಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ದಿನ ಕಳೆಯುವುದು ಮಾತ್ರ ಬೇಡ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ, ಮೊದಲು ಅಲ್ಲಿ ತೋರಿಸಬಹುದು.

ತೊಗರಿ_ಕಣಜ

ಫರಸಿ ಅವರೇ, ಧೈರ್ಯ ತಗೊಳ್ಳಿ. ನಮ್ಮ ದೊಡ್ಡಪ್ಪನಿಗೂ ಇದೇ ಆಗಿತ್ತು. ಆಪರೇಷನ್ ಆಗಿ ಏಳು ವರ್ಷ ಆಯಿತು, ಈಗಲೂ ರೊಟ್ಟಿ ನೆನೆಸಿಕೊಂಡು ಉಣ್ಣುತ್ತಾರೆ, ಹೊಲಕ್ಕೂ ಬರುತ್ತಾರೆ. ಗುಟ್ಕಾ ತಿನ್ನುವವರನ್ನು ಕಂಡರೆ ಮಾತ್ರ ಕೈಯೆತ್ತುತ್ತಾರೆ.

ಅಂದಹಾಗೆ 2013ರಲ್ಲೇ ಗುಟ್ಕಾ ಬಂದ್ ಆಯಿತಲ್ಲ? ಈಗ ಅಂಗಡಿಯಲ್ಲಿ ಎರಡು ಚೀಟಿ ಕೊಡುತ್ತಾರೆ. ಒಂದರಲ್ಲಿ ಮಸಾಲಾ, ಒಂದರಲ್ಲಿ ತಂಬಾಕು. ಬಾಯಿಯಲ್ಲಿ ಹೋಗಿ ಒಂದಾಗುತ್ತವೆ. ಬರೀ ಅಡಿಕೆ ತಿಂದರೆ ಏನೂ ಆಗಲ್ಲ ಅನ್ನುವವರೂ ಇದ್ದಾರೆ. ಹೌದಾ?

ಆಳಂದ_ರಸ್ತೆ

ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಬರೀ ಅಡಿಕೆಯನ್ನೂ ಖಚಿತ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಗಿನ ಚರ್ಮ ಹುರಿಯ ಹಾಗೆ ಬಿಗಿಯುತ್ತದೆ, ಬಾಯಿ ಬಿಡಲು ಬರುವುದಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೈದು ದಾಟದ ಹುಡುಗರಲ್ಲೂ ನೋಡಿದ್ದೇನೆ. ಎರಡು ಬೆರಳು ಬಾಯೊಳಗೆ ಹೋಗುವುದಿಲ್ಲ.

ತೊಗರಿ_ಕಣಜ

ಇನ್ನೊಂದು. ನಾವು ಶೇಂಗಾ ಹಾಕುತ್ತೇವೆ. ಬೂಷ್ಟು ಹಿಡಿದ ಶೇಂಗಾ ತಿಂದರೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ವಾಟ್ಸಾಪ್ ಅಂದಮೇಲೆ ಸುಳ್ಳೇ ಇರಬೇಕು ಅಂತ ಬಿಟ್ಟೆ.

ಆಳಂದ_ರಸ್ತೆ

ಈ ಸಲ ವಾಟ್ಸಾಪ್ ಗೆದ್ದಿತು. ಇದು ನಮ್ಮ ಪಿ53 ಕಥೆಯಲ್ಲೇ ನನಗೆ ಅತಿ ಇಷ್ಟದ ಅಧ್ಯಾಯ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಶೇಂಗಾ, ಮೆಕ್ಕೆಜೋಳದ ಮೇಲೆ ಆಸ್ಪರ್ಜಿಲಸ್ ಅನ್ನುವ ಹಳದಿ ಹಸಿರು ಬೂಷ್ಟು ಬೆಳೆಯುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ತಿಂದರೆ ಲಿವರಿಗೆ ಹೋಗುತ್ತದೆ, ಅಲ್ಲಿ ಇನ್ನೂ ಚುರುಕಾದ ರೂಪ ತಾಳಿ ಡಿಎನ್‌ಎಗೆ ಅಂಟುತ್ತದೆ. 1991ರಲ್ಲಿ ಎರಡು ಗುಂಪುಗಳು, ಒಂದು ಚೀನಾದ ರೋಗಿಗಳಲ್ಲಿ, ಇನ್ನೊಂದು ಆಫ್ರಿಕಾದ ದಕ್ಷಿಣ ಭಾಗದವರಲ್ಲಿ, ಲಿವರ್ ಕ್ಯಾನ್ಸರಿನ ಪಿ53 ಜೀನ್ ಓದಿದವು. ಎರಡೂ ಕಡೆ ಏಟು ಬಿದ್ದದ್ದು ಮತ್ತೆ ಮತ್ತೆ ಒಂದೇ ಜಾಗಕ್ಕೆ: 249ನೇ ಅಮೈನೋ ಆಮ್ಲ. ಅದರ ಡಿಎನ್‌ಎ ಅಕ್ಷರಗಳಲ್ಲಿ ಜಿ ಇರಬೇಕಾದಲ್ಲಿ ಟಿ. ಎರಡೂ ಅಫ್ಲಾಟಾಕ್ಸಿನ್ ಜಾಸ್ತಿ ಇರುವ ಸೀಮೆಗಳೇ. ಕಳ್ಳ ಬೆರಳಚ್ಚು ಬಿಟ್ಟು ಹೋದ ಹಾಗೆ. ಜೊತೆಗೆ ಹೆಪಟೈಟಿಸ್ ಬಿ ಇದ್ದರೆ ಅಪಾಯ ಇನ್ನೂ ಎಷ್ಟೋ ಪಟ್ಟು.

ಹುರಿದರೆ ಹೋಗುತ್ತದಾ ಅಂತ ಕೇಳುತ್ತೀರಿ, ಗೊತ್ತು. ಪೂರ್ತಿ ಹೋಗುವುದಿಲ್ಲ, ಆ ವಿಷ ಬಿಸಿಗೆ ಜಗ್ಗುವುದಿಲ್ಲ. ಕಿತ್ತ ಕೂಡಲೇ ಚೆನ್ನಾಗಿ ಒಣಗಿಸಿ, ಹಸಿ ಕಾಯಿ ಚೀಲಕ್ಕೆ ತುಂಬಬೇಡಿ. ಸುಕ್ಕಿದ್ದು, ಬಣ್ಣ ಕೆಟ್ಟದ್ದು ಆರಿಸಿ ತೆಗೆಯಿರಿ. ನಮ್ಮ ಅವ್ವ ಹಿಂಡಿ ಕುಟ್ಟುವ ಮೊದಲು ಮೊರದಲ್ಲಿ ಹಾಕಿ ಒಂದೊಂದೇ ಆರಿಸುತ್ತಿದ್ದಳು. ಕಹಿ ಆಗುತ್ತದೆ ಅಂತ ಅಷ್ಟೇ.

ತೊಗರಿ_ಕಣಜ

ಆರಿಸಿ ತೆಗೆದದ್ದನ್ನು ನಾವು ಎಮ್ಮೆಗೆ ಹಾಕುತ್ತೇವಲ್ಲ!

ಆಳಂದ_ರಸ್ತೆ

ಹಾಕಬೇಡಿ. ಹಾಲಿನಲ್ಲೂ ಬರುತ್ತದೆ.

ಯಾದಗಿರಿ_ಟೀಚರ್

ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರಿನ ಲಸಿಕೆ ಬಗ್ಗೆ ಹೇಳಿದೆವು. ಕ್ಯಾನ್ಸರಿಗೆ ಎಲ್ಲಾದರೂ ಲಸಿಕೆ ಇರುತ್ತದಾ ಎಂದು ಪಾಲಕರು ನನ್ನನ್ನೇ ಕೇಳಿದರು. ಅದಕ್ಕೂ ಈ ಪಿ53ಗೂ ಸಂಬಂಧ ಇದೆಯಾ?

ಆಳಂದ_ರಸ್ತೆ

ನೇರ ಸಂಬಂಧ ಇದೆ ಟೀಚರ್. ಅಲ್ಲಿ ಸಾಮಾನ್ಯವಾಗಿ ಜೀನ್ ಕೆಟ್ಟಿರುವುದಿಲ್ಲ. ಎಚ್‌ಪಿವಿ ಅನ್ನುವ ವೈರಸ್ಸು ಇ6 ಎಂಬ ಪ್ರೋಟೀನ್ ಮಾಡುತ್ತದೆ. ಅದು ಒಳ್ಳೆಯ ಪಿ53ಯನ್ನೇ ಹಿಡಿದು ಕಸಕ್ಕೆ ತಳ್ಳುತ್ತದೆ. ಇ7 ಎಂಬುದು ಇನ್ನೊಂದು ಬ್ರೇಕಾದ ಆರ್‌ಬಿಯನ್ನು ಕೆಡಿಸುತ್ತದೆ. ಎರಡೂ ಬ್ರೇಕು ಒಟ್ಟಿಗೆ ಫೇಲ್. ಲಸಿಕೆ ತಡೆಯುವುದು ವೈರಸ್ಸನ್ನು. ಅದು ಒಳಗೇ ಬರದಿದ್ದರೆ ಇ6 ಎಲ್ಲಿಂದ ಬರಬೇಕು? ಈ ವೈರಸ್ಸಿನ ನಂಟು ತೋರಿಸಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 9ರಿಂದ 14 ವಯಸ್ಸಿನೊಳಗೆ ಹಾಕಿಸಿದರೆ ಒಳ್ಳೆಯದು. ನಮ್ಮ ದೇಶದ್ದೇ ಸರ್ವಾವ್ಯಾಕ್ 2023ರ ಜನವರಿಯಲ್ಲಿ ಬಂದಿದೆ.

ಯಾದಗಿರಿ_ಟೀಚರ್

"ಒಳಗೇ ಬರದಿದ್ದರೆ" ಅನ್ನುವುದನ್ನು ಸೋಮವಾರ ಪಾಲಕರ ಸಭೆಯಲ್ಲಿ ಹಾಗೇ ಹೇಳುತ್ತೇನೆ.

ಸುಮ್ನೆ_ಕೇಳಿದೆ

ಎಲ್ಲ ಸರಿ. ಬ್ರೇಕು ಗೊತ್ತಾಗಿ ನಲವತ್ತು ವರ್ಷ ದಾಟಿತು. ಎಂಡಿಎಂ2 ಅದನ್ನು ಕೊಲ್ಲುತ್ತದೆ ಅಂತಲೂ ಗೊತ್ತು. ಅದನ್ನು ತಡೆಯುವ ಗುಳಿಗೆ ಮಾಡಲು ಇಷ್ಟು ದಿನ ಬೇಕಾ? ಕಂಪನಿಗಳು ಬಚ್ಚಿಟ್ಟಿವೆ ಅಂತ ಜನ ಅನ್ನುವುದು ಸುಮ್ನೆ ಅಲ್ಲ.

ಆಳಂದ_ರಸ್ತೆ

ಅದನ್ನು ತಡೆಯುವ ವಸ್ತು ಮಾಡಿದರು ಸರ್, 2004ರಲ್ಲೇ. ಕಂಪನಿಯವರೇ. ನಟ್ಲಿನ್ ಅಂತ ಹೆಸರು. ಎಂಡಿಎಂ2ರಲ್ಲಿ ಪಿ53 ಬಂದು ಕೂರುವ ಒಂದು ಗುಳಿ ಇದೆ, ಅದರಲ್ಲಿ ನಟ್ಲಿನ್ ಹೋಗಿ ಕೂತುಬಿಡುತ್ತದೆ. ನಾನೂ ಲ್ಯಾಬಿನಲ್ಲಿ ಬಳಸುತ್ತೇನೆ. ಎಂಸಿಎಫ್-7ಗೆ ಹಾಕಿದರೆ ಪಿ53 ಏರುತ್ತದೆ, ಹಿಂದೆಯೇ ಪಿ21 ಬರುತ್ತದೆ, ಕೋಶಗಳು ನಿಲ್ಲುತ್ತವೆ. ಅಷ್ಟು ಚಂದ ಕಾಣುತ್ತದೆ ಅಂದರೆ ಕುಣಿಯಬೇಕು.

ಬಾಯಿ ಕ್ಯಾನ್ಸರಿನ ನಮ್ಮ ಕೋಶಕ್ಕೆ ಹಾಕಿದರೆ? ಏನೂ ಇಲ್ಲ. ಪಿ53ಯೇ ಕೆಟ್ಟಿರುವಾಗ ಅದನ್ನು ಉಳಿಸಿ ಏನು ಬಂತು?

ಜೀನ್ ಸರಿ ಇರುವ ರೋಗಿಗಳಲ್ಲೂ ತೊಂದರೆ ಇದೆ. ಇದೇ ಜಾತಿಯ ಗುಳಿಗೆಗೆ ಗಡ್ಡೆ ಯಾವುದು, ಒಳ್ಳೆಯ ಮಾಂಸ ಯಾವುದು ಗೊತ್ತಾಗುವುದಿಲ್ಲ. ಮೂಳೆಯೊಳಗಿನ ಮಜ್ಜೆಯಲ್ಲೂ ಬ್ರೇಕು ಬೀಳುತ್ತದೆ, ರಕ್ತದ ಪ್ಲೇಟ್‌ಲೆಟ್ ಇಳಿಯುತ್ತವೆ. ಎಂಡಿಎಂ2 ಎಷ್ಟು ಬೇಕು ಅನ್ನುವುದಕ್ಕೆ 1995ರ ಇಲಿಗಳ ಪ್ರಯೋಗ ಇದೆ. ಎಂಡಿಎಂ2 ಇಲ್ಲದ ಇಲಿಮರಿ ತಾಯಿಯ ಹೊಟ್ಟೆಯಲ್ಲೇ ಸಾಯುತ್ತದೆ. ಪಿ53 ಕೂಡ ತೆಗೆದರೆ ಬದುಕುತ್ತದೆ. ಅಂದರೆ ಸಾಯಿಸುತ್ತಿದ್ದದ್ದು ಬಿಡದೆ ಹಿಡಿದ ಬ್ರೇಕು. ಹಾಗಂತ ಪಿ53 ಇಲ್ಲದ ಇಲಿಗಳು ಸುಖವಾಗಿರುವುದಿಲ್ಲ. ಕೆಲವೇ ತಿಂಗಳಲ್ಲಿ ಗಡ್ಡೆ ಬರುತ್ತವೆ.

ಬಚ್ಚಿಡುವುದಕ್ಕೆ ಮೊದಲು ಸಿಗಬೇಕಲ್ಲ ಸರ್.

ಬಿದರಿ_ಗೆರೆ

ಆನೆಗೆ ಕ್ಯಾನ್ಸರ್ ಬರಲ್ಲ ಅಂತ ಓದಿದ್ದೆ. ಅದೂ ಪಿ53 ಕಾರಣಕ್ಕೇನಾ?

ಆಳಂದ_ರಸ್ತೆ

ಬರುತ್ತದೆ, ಆದರೆ ಅಷ್ಟು ದೊಡ್ಡ ಮೈಗೆ ಬರಬೇಕಾದಷ್ಟು ಬರುವುದಿಲ್ಲ. 2015ರಲ್ಲಿ ನೋಡಿದಾಗ, ನಮ್ಮಲ್ಲಿ ಒಂದು ಜೋಡಿ ಇರುವ ಕಡೆ ಆನೆಯಲ್ಲಿ ಈ ಜೀನಿನ ಇಪ್ಪತ್ತು ಜೋಡಿ ಪ್ರತಿ ಸಿಕ್ಕವು. ಎಲ್ಲವೂ ಪೂರ್ತಿ ಪ್ರತಿಗಳಲ್ಲ, ಅದು ಬೇರೆ ಮಾತು.

ಎಮ್ಮೆಸ್ಸಿ_ಎರಡನೇ_ವರ್ಷ

ಮೇಡಂ, ಕೊನೆಗೆ ಹೊಟ್ಟೆಪಾಡಿನ ಪ್ರಶ್ನೆ. ಪಿಎಚ್‌ಡಿ ಸೇರಿದರೆ ಮನೆ ನಡೆಯುತ್ತದಾ? ಅಪ್ಪ ಬಿ.ಎಡ್. ಮಾಡು ಅನ್ನುತ್ತಿದ್ದಾರೆ.

ಆಳಂದ_ರಸ್ತೆ

ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆಗೆ ಸರ್ಕಾರ ಕೊಡುವ ವೇತನ) ಆದರೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ತಿಂಗಳ ಒಂದನೇ ತಾರೀಕಿಗೆ ಬರುತ್ತದೆ ಅಂತ ಮಾತ್ರ ನಂಬಿ ಮನೆ ಬಾಡಿಗೆ ಹಿಡಿಯಬೇಡ. ಎರಡು ಕೆಲಸ ಈಗಲೇ ಮಾಡು. ಒಂದು, ಪೇಪರುಗಳಲ್ಲಿ ಚಿತ್ರ ಮೊದಲು ನೋಡು, ಮಾತು ಆಮೇಲೆ ಓದು. ಎರಡು, ನಿಮ್ಮ ಲ್ಯಾಬಿನಲ್ಲಿ ಜೆಲ್ ಓಡಿಸುವ ಅವಕಾಶ ಸಿಕ್ಕರೆ ಬಿಡಬೇಡ. ಕರೆಂಟ್ ಹೋಗಿ ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಕೈ ಕಲಿಯುತ್ತದೆ. ಅಪ್ಪನ ಜೊತೆ ಬೇಕಾದರೆ ನಾನು ಮಾತಾಡುತ್ತೇನೆ. ನಮ್ಮ ಅಪ್ಪನೂ ಅದನ್ನೇ ಹೇಳಿದ್ದರು.

ಶಹಾಬಾದ್_ಫರಸಿ

ಅಕ್ಕಾವ್ರೇ, ಸ್ಕ್ಯಾನ್ ಆಯಿತು. ಕುತ್ತಿಗೆಯಲ್ಲಿ ಒಂದು ಗಂಟಿನ ಮೇಲೆ ಅನುಮಾನ ಇದೆಯಂತೆ. ಆಪರೇಷನ್ ಮಾಡಬಹುದು ಅಂದಿದ್ದಾರೆ. ಹೈದರಾಬಾದಿನಲ್ಲಿ ಇನ್ನೊಂದು ಸಲ ತೋರಿಸೋಣ ಅಂತ ಅಣ್ಣನ ಮಾತು. ಏನೇನು ಒಯ್ಯಬೇಕು?

ಆಳಂದ_ರಸ್ತೆ

ರಿಪೋರ್ಟಿನ ಜೆರಾಕ್ಸ್ ಸಾಲದು ಅಣ್ಣಾ. ಬಯಾಪ್ಸಿ ಮಾಡಿದ ಲ್ಯಾಬಿಗೆ ಹೋಗಿ ಸ್ಲೈಡು ಮತ್ತು ಬ್ಲಾಕು, ಎರಡೂ ಕೇಳಿ. ಅರ್ಜಿ ಬರೆಸಿಕೊಂಡು ಕೊಡುತ್ತಾರೆ. ಬ್ಲಾಕ್ ಇದ್ದರೆ ಅಲ್ಲಿ ಮತ್ತೆ ಚುಚ್ಚಿ ತುಂಡು ತೆಗೆಯುವುದು ಸಾಮಾನ್ಯವಾಗಿ ತಪ್ಪುತ್ತದೆ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ತುಂಡನ್ನು ಹುದುಗಿಸಿಟ್ಟ ಮೇಣ ಕರಗುತ್ತದೆ. ಈ ಕಲಬುರಗಿ ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಇಟ್ಟರೂ ಕಷ್ಟ. ಸ್ಕ್ಯಾನಿನ ಸಿಡಿ ಮರೆಯಬೇಡಿ.

ಶಹಾಬಾದ್_ಫರಸಿ

ಸ್ಲೈಡು, ಬ್ಲಾಕು ಎರಡೂ ಇವತ್ತು ಸಿಕ್ಕವು. ಬ್ಲಾಕ್ ಅಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ. ಬೆಂಕಿಪೊಟ್ಟಣಕ್ಕಿಂತ ಸಣ್ಣ ಮೇಣದ ತುಂಡು, ಮಧ್ಯೆ ಅಕ್ಕಿಕಾಳಿನಷ್ಟು ಏನೋ. ಅಪ್ಪ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಇಷ್ಟೇನಾ ಇದು?" ಎಂದರು. ಅವ್ವ ಅದನ್ನು ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಾಳೆ. ರಾತ್ರಿ ಬಸ್ಸಿಗೆ ಮೂರು ಸೀಟು ಆಗಿದೆ, ಬಿಸಿಲಿನ ಚಿಂತೆ ಇಲ್ಲ.